ಚಿಕ್ಕ ದೊರೆಯ ಕಾಣೆಯಾದ ಪುಟಗಳು

ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಒಂದು ಸಣ್ಣ ಚಿಂತೆ ನನ್ನನ್ನು ಕೊರೆಯುತ್ತಿತ್ತು. ಅರಮನೆಯಲ್ಲಿ ಹುಟ್ಟಿದ, ಸ್ನಾನಕ್ಕೆ ಹೊರಟರೆ ದಾರಿ ಕೇಳಿಕೊಂಡು ಹೋಗಬೇಕಾದಷ್ಟು ದೊಡ್ಡ ಮನೆಯಿದ್ದ ಒಬ್ಬ ಗಂಡಸಿನ ಮೇಲೆ ನನಗೆ ಕನಿಕರ ಹುಟ್ಟಿಬಿಟ್ಟಿತ್ತು. ಇದನ್ನು ಡೈರಿಯಲ್ಲಿ ಪೆನ್ಸಿಲಿನಲ್ಲಿ ಬರೆದೆ. ನಾಳೆ ಬುದ್ಧಿ ಬಂದರೆ ಅಳಿಸುವುದಕ್ಕೆ ಅನುಕೂಲವಾಗಲಿ ಎಂದು.

ತಪ್ಪೆಲ್ಲ ಪುಸ್ತಕದ್ದು. ಯಾವುದೋ ದ್ವೀಪದ ರಾಜಮನೆತನದ ಎರಡನೆಯ ಮಗ, ಮನೆಯವರ ಮೇಲೆ ಮುನಿಸಿಕೊಂಡು ಅರಮನೆ ಬಿಟ್ಟು ಬಂದು, ಬಂದ ಮೇಲೆ ಸುಮ್ಮನಿರಲಾರದೆ ಬರೆದ ಆತ್ಮಕಥೆ. ದಿಂಬಿನಷ್ಟು ದಪ್ಪ. ಮುಖಪುಟದ ತುಂಬ ಅವನದೇ ಮುಖ. ಚಹಾ ಖಾಲಿಯಾಯಿತು ಎಂದು ಯಾರೋ ಈಗಷ್ಟೇ ಹೇಳಿದರೇನೋ ಎಂಬಂಥ ನೋಟ. ಕೊನೆಯ ಪುಟದಲ್ಲಿ ಒಬ್ಬರಿಗೆ ವಿಶೇಷ ಧನ್ಯವಾದ ಹೇಳಿದ್ದಾನೆ, 'ಇವರಿಲ್ಲದಿದ್ದರೆ ಇದರಲ್ಲಿ ಒಂದು ವಾಕ್ಯವೂ ಇರುತ್ತಿರಲಿಲ್ಲ' ಎಂದು. ನೋವು ಅವನದು, ವ್ಯಾಕರಣ ಅವರದು ಎಂದು ನಾನು ಅರ್ಥ ಮಾಡಿಕೊಂಡೆ.

ನಾನು ಓದಿದ್ದು ಇತಿಹಾಸ. ಅಣ್ಣನಿಗೆ ವಿಷ ಹಾಕಿದ ರಾಜರು, ತಮ್ಮನ ಕಣ್ಣು ಕೀಳಿಸಿದ ರಾಜರು, ಅಪ್ಪನನ್ನು ಕೋಟೆಯಲ್ಲಿ ಕೂಡಿಹಾಕಿದ ರಾಜರು ಎಲ್ಲರನ್ನೂ ಪರೀಕ್ಷೆಗೆ ಬಾಯಿಪಾಠ ಮಾಡಿದವಳು. ಅವರಲ್ಲಿ ಒಬ್ಬನಾದರೂ ತನ್ನ ಮಲಗುವ ಕೋಣೆಯ ಗೋಡೆಯ ಬಣ್ಣದ ಬಗ್ಗೆ ಒಂದು ಇಡೀ ಅಧ್ಯಾಯ ಅತ್ತದ್ದು ನನಗೆ ನೆನಪಿಲ್ಲ. ಇವನು ಅತ್ತಿದ್ದ. ಓದಿ ನಗಬೇಕಿತ್ತು; ನಕ್ಕೆ. ಮುಂದಿನ ಪುಟದಲ್ಲಿ 'ಎಲ್ಲರೂ ನನ್ನ ವಿಷಯವೇ ಮಾತಾಡುತ್ತಿದ್ದರು. ನಾನು ಅಲ್ಲೇ ಕುಳಿತಿದ್ದೆ' ಎಂದಿತ್ತು. ಆ ಸಾಲನ್ನು ಮತ್ತೆ ಮತ್ತೆ ಓದಿ ಕಣ್ಣೊರೆಸಿಕೊಂಡೆ. ಪದವೀಧರೆಗೆ ಇದೆಂಥ ಅವಸ್ಥೆ ಎಂದು ನಾಚಿಕೆಯಾಗಿ, ಪುಸ್ತಕಕ್ಕೆ ಬ್ರೌನ್ ಪೇಪರಿನ ಹೊದಿಕೆ ಹಾಕಿದೆ. ಶಾಲೆಯಲ್ಲಿ ಕಲಿತದ್ದು ಹೀಗಾದರೂ ಉಪಯೋಗಕ್ಕೆ ಬಂತು.

ಹೊದಿಕೆ ಹಾಕಿದ ಪುಸ್ತಕವನ್ನು ಕೆಲಸದ ಜಾಗಕ್ಕೆ ಒಯ್ದದ್ದು ಎರಡನೆಯ ತಪ್ಪು.

ಕೆಲಸದ ಜಾಗ ಎಂದರೆ ನನ್ನ ದೊಡ್ಡಮ್ಮನ ಪರದೆ ಕಾರ್ಖಾನೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಉದ್ದ ಹಜಾರ. ಗೋಡೆಗುಂಟ ಹೊಲಿಗೆ ಯಂತ್ರಗಳು, ನಡುವೆ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ದೊಡ್ಡಮ್ಮನ ಗಾಜಿನ ಕೋಣೆ. ಇಲ್ಲಿ ಹೋಟೆಲುಗಳಿಗೆ, ಆಸ್ಪತ್ರೆಗಳಿಗೆ, ಹೊಸದಾಗಿ ಮನೆ ಕಟ್ಟಿ ಕಿಟಕಿ ಎಷ್ಟಿವೆ ಎಂದು ಮರೆತವರಿಗೆ ಪರದೆ ಹೊಲಿಯುತ್ತಾರೆ. ಪದವಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ನೋಡಿ ನೋಡಿ ಬೇಸತ್ತ ಅಮ್ಮ ತನ್ನ ಅಕ್ಕನ ಹತ್ತಿರ ಹೇಳಿ ಇಲ್ಲಿ ಸೇರಿಸಿದಳು. ಯಾವ ಪರದೆ ಯಾವ ಕೋಣೆಗೆ, ಯಾವ ಕಿಟಕಿಗೆ, ಎಡಕ್ಕೋ ಬಲಕ್ಕೋ ಎಂದು ಚೀಟಿ ಬರೆದು ಪಿನ್ನು ಚುಚ್ಚುವುದು ನನ್ನ ಕೆಲಸ. ಯಾರ ಜೊತೆಯೂ ಮಾತಾಡಬೇಕಿಲ್ಲ. ಇಂಥ ಕೆಲಸ ಲೋಕದಲ್ಲಿ ಇದೆ ಎಂದು ಮೊದಲೇ ಗೊತ್ತಿದ್ದರೆ ಇತಿಹಾಸ ಓದುತ್ತಲೇ ಇರಲಿಲ್ಲ.

ಬೆಳಿಗ್ಗೆ ಯಂತ್ರದ ಹೊಲಿಗೆ. ಊಟವಾದ ಮೇಲೆ ಯಂತ್ರಗಳು ನಿಲ್ಲುತ್ತವೆ. ಎಲ್ಲರೂ ಮೇಜಿನ ಸುತ್ತ ಕುಳಿತು ಪರದೆಯ ಕೆಳಗಿನ ಅಂಚನ್ನು ಕೈಯಲ್ಲೇ ಹೊಲಿಯುತ್ತಾರೆ. ದೊಡ್ಡ ಹೋಟೆಲಿನವರಿಗೆ ಅಂಚಿನಲ್ಲಿ ಯಂತ್ರದ ಗೆರೆ ಕಂಡರೆ ಆಗುವುದಿಲ್ಲ. ಆ ಹೊತ್ತಿನಲ್ಲಿ ಬೇಸರವಾಗುತ್ತದೆ. ಹಿಂದೆ ಫೋನಿನಲ್ಲಿ ಧಾರಾವಾಹಿ ಹಾಕಿಕೊಳ್ಳುತ್ತಿದ್ದರಂತೆ. ಧಾರಾವಾಹಿಯ ಸೊಸೆಗೆ ಹಳೆಯ ನೆನಪು ಮರಳಿ ಬಂದ ದಿನ ಇಡೀ ಹಜಾರ ಮೈಮರೆತು, ಹಕ್ಕಿಯ ಚಿತ್ರದ ಪರದೆಗಳನ್ನೆಲ್ಲ ತಲೆಕೆಳಗಾಗಿ ಹೊಲಿಯಿತು. ಹಕ್ಕಿಗಳು ಬಾವಲಿಗಳಂತೆ ನೇತಾಡಿದವು. ಹೋಟೆಲಿನವರು ಬೇಡವೆಂದರು. ಕೊನೆಗೆ ಒಬ್ಬ ಹಲ್ಲಿನ ಡಾಕ್ಟರು ಕೊಂಡರು. ಅವರ ರೋಗಿಗಳು ಹೇಗೂ ಮಲಗಿಕೊಂಡೇ ನೋಡುವವರು. ಅಂದಿನಿಂದ ಹಜಾರದಲ್ಲಿ ಫೋನಿಗೆ ನಿಷೇಧ.

ಹಾಗಾಗಿ ನನ್ನ ಬ್ರೌನ್ ಪೇಪರಿನ ಮೇಲೆ ಎಲ್ಲರ ಕಣ್ಣು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

"ಅದೇನೇ ಅದು, ಮುಚ್ಕೊಂಡು ಓದ್ತೀಯಾ? ಮತ್ತೆ ಪರೀಕ್ಷೆ ಕಟ್ಟಿದ್ಯಾ?" ಎಂದು ಕೇಳಿದ್ದು ಕತ್ತರಿಯಮ್ಮ. ಬಟ್ಟೆ ಕತ್ತರಿಸುವುದು ಅವರೇ. ಮಾತು ಕತ್ತರಿಸುವುದೂ ಅವರೇ.

"ಇಲ್ಲ, ಸುಮ್ನೆ..." ಎನ್ನುವಷ್ಟರಲ್ಲಿ ಪುಸ್ತಕ ಬಾಬಿನ್ ಕೈಯಲ್ಲಿತ್ತು. ಬಾಬಿನ್ ನನಗಿಂತ ಚಿಕ್ಕವಳು, ಎಲ್ಲರಿಗಿಂತ ಕುಳ್ಳಿ, ಹೊಲಿಗೆ ಯಂತ್ರದೊಳಗಿನ ದಾರದ ಪುಟ್ಟ ಉರುಳೆಯಂತೆ ಒಂದು ಕಡೆ ನಿಲ್ಲದೆ ಗಿರಗಿರ ಸುತ್ತುವವಳು. ಆ ಹೆಸರಿಟ್ಟವರು ಕತ್ತರಿಯಮ್ಮ ಎಂದು ಹೇಳಬೇಕಾಗಿಲ್ಲ. ಹೊದಿಕೆ ಸರಿಸಿದವಳೇ ಕಿರುಚಿದಳು.

"ಅಯ್ಯಯ್ಯೋ, ಇವನು! ಮನೆ ಬಿಟ್ಟು ಹೋದ್ನಲ್ಲಾ, ಅವನೇ! ಗಡ್ಡ ನೋಡ್ರೀ, ಗಡ್ಡ!"

"ಮನೆ ಅಲ್ಲ, ಅರಮನೆ," ಎಂದು ತಿದ್ದಿದೆ. ಆ ವಾರ ನಾನು ಆಡಿದ ಅತ್ಯಂತ ಉದ್ದದ ಮಾತು ಅದೇ ಇರಬೇಕು.

"ಓದು ಮತ್ತೆ. ನಮ್ಗೂ ಕೇಳ್ಸಲಿ. ಓದಿದವಳು ಅಂತ ನಿನ್ನ ಇಟ್ಕೊಂಡಿರೋದು ಬರೀ ಪಿನ್ ಚುಚ್ಚೋಕಾ?" ಎಂದರು ಕತ್ತರಿಯಮ್ಮ.

ನನಗೆ ನಾಲ್ಕು ಜನರ ಮುಂದೆ ಬಾಯಿ ಬಿಡುವುದೆಂದರೆ ಕೈಕಾಲು ತಣ್ಣಗಾಗುತ್ತವೆ. ಆದರೆ ಓದುವುದು ಮಾತಾಡಿದಂತಲ್ಲ ಎಂದು ಅಂದು ಗೊತ್ತಾಯಿತು. ಮಾತು ಇನ್ನೊಬ್ಬನದು, ಬಾಯಿ ಮಾತ್ರ ನನ್ನದು. ಏನಾದರೂ ಹೆಚ್ಚುಕಡಿಮೆಯಾದರೆ ಬೈಗುಳ ದ್ವೀಪಕ್ಕೆ ಹೋಗುತ್ತದೆ. ಓದಿದೆ.

"'ಅಣ್ಣನ ಕೋಣೆಗೆ ಮೂರು ಕಿಟಕಿ. ಮೂರೂ ಸರೋವರದ ಕಡೆಗೆ. ನನ್ನ ಕೋಣೆಗೆ ಒಂದೇ ಕಿಟಕಿ. ಅದೂ ಅಡುಗೆಮನೆಯ ಚಿಮಣಿಯ ಕಡೆಗೆ.'"

"ಪಾಪ," ಎಂದಳು ಬಾಬಿನ್. ಅವಳು ಮಲಗುವ ಕೋಣೆಗೆ ಕಿಟಕಿಯೇ ಇಲ್ಲ.

"ಪರದೆ ಯಾವುದಿತ್ತಂತೆ?" ಕತ್ತರಿಯಮ್ಮ ಸೂಜಿ ನಿಲ್ಲಿಸಿ ಕೇಳಿದರು.

"ಬರೆದಿಲ್ಲ."

"ಕಿಟಕಿ ಬಗ್ಗೆ ಇಷ್ಟುದ್ದ ಬರೆದು ಪರದೆ ಬಗ್ಗೆ ಒಂದಕ್ಷರ ಇಲ್ವಾ? ಇವನಿಗೆ ಕಷ್ಟ ಬಂದಿದ್ದು ಸರಿಯಾಗೇ ಇದೆ ಬಿಡು."

ಹೀಗೆ ಶುರುವಾಯಿತು. ನಾವು ಅವನಿಗೆ ಚಿಕ್ಕ ದೊರೆ ಎಂದು ಹೆಸರಿಟ್ಟೆವು. ಮಧ್ಯಾಹ್ನದ ಓದಿಗೆ ಬೇಗ ತಲುಪಬೇಕೆಂದು ಬೆಳಗಿನ ಯಂತ್ರಗಳು ನಾಗಾಲೋಟದಲ್ಲಿ ಓಡತೊಡಗಿದವು. ಅವನ ಕುದುರೆಮರಿಯನ್ನು ಹೇಳದೆ ಕೇಳದೆ ಅಣ್ಣನಿಗೆ ಕೊಟ್ಟ ದಿನ ಹಜಾರದಲ್ಲಿ ಮೂಗು ಒರೆಸಿಕೊಳ್ಳುವ ಸದ್ದು. ಕುಟುಂಬದ ಚಿತ್ರ ತೆಗೆಸುವಾಗಲೆಲ್ಲ ಅವನನ್ನು ಅಂಚಿನಲ್ಲಿ ನಿಲ್ಲಿಸುತ್ತಿದ್ದರು, ಬೇಕಾದಾಗ ಕತ್ತರಿಸಿ ತೆಗೆಯಲು ಸುಲಭವಾಗಲೆಂದು. ಅದನ್ನು ಓದಿದಾಗ ಕತ್ತರಿಯಮ್ಮನವರೇ "ಎಂಥ ಜನಾನಪ್ಪಾ" ಎಂದುಬಿಟ್ಟರು. ನಡುವಿನ ನುಣುಪು ಪುಟಗಳಲ್ಲಿ ಬಣ್ಣದ ಚಿತ್ರಗಳಿದ್ದವು. ಬಾಬಿನ್ ಗಡ್ಡ ನೋಡಿದಳು. ಉಳಿದವರು ಕೋಟು ನೋಡಿದರು. ನೀಲಿ ಕೋಟಿನ ಬಲ ಭುಜ ಎಳೆದಿದೆ, ಅರಮನೆಯ ದರ್ಜಿಗೆ ಕಣ್ಣು ಮಂಜಾಗಿರಬೇಕು ಎಂದು ತೀರ್ಮಾನವಾಯಿತು. ಒಬ್ಬ ಮನುಷ್ಯ ಮೂವತ್ತು ದಾಟಿಯೂ ತನ್ನ ಬೂಟಿನ ಲೇಸು ತಾನೇ ಕಟ್ಟಲು ಕಲಿತದ್ದನ್ನು ಸಾಹಸವೆಂಬಂತೆ ಬರೆಯಬಲ್ಲ ಎಂಬುದು ನಮ್ಮನ್ನೆಲ್ಲ ಮನಸಾರೆ ನಗಿಸಿತು. ನಕ್ಕು ಮುಗಿದ ಮೇಲೆ ಬಾಬಿನ್, "ಆದ್ರೂ ಕಲಿತ್ನಲ್ಲ, ಅದೇ ದೊಡ್ಡದು," ಎಂದಳು. ಅಭಿಮಾನ ಎಂದರೆ ಇದೇ ಇರಬೇಕು: ಎಲ್ಲ ಗೊತ್ತಿದ್ದೂ ಗೊತ್ತಿಲ್ಲದಂತೆ ಪ್ರೀತಿಸುವುದು.

ದೊಡ್ಡಮ್ಮ ಮೊದಮೊದಲು ಗಾಜಿನ ಕೋಣೆಯೊಳಗೇ ಇದ್ದರು. ಆಮೇಲೆ ಗಾಳಿಗೆಂದು ಬಾಗಿಲು ತೆರೆದಿಟ್ಟರು. ಆಮೇಲೆ ಬೆನ್ನಿಗೆ ಎಸಿ ಆಗುವುದಿಲ್ಲವೆಂದು ಕುರ್ಚಿಯನ್ನು ಬಾಗಿಲಿಗೆ ತಂದರು. ವಾರ ಕಳೆಯುವಷ್ಟರಲ್ಲಿ ಕುರ್ಚಿ ಮೇಜಿನ ಪಕ್ಕದಲ್ಲಿತ್ತು, ದೊಡ್ಡಮ್ಮ ಅದರ ಮೇಲಿದ್ದರು, ನಾನು ಕೆಮ್ಮಿದರೆ ನೀರು ಕೊಡುವವರೂ ಅವರೇ ಆದರು. ನಮ್ಮ ಮನೆತನದಲ್ಲಿ ಎಲ್ಲ ತೀರ್ಮಾನಗಳೂ ದೊಡ್ಡಮ್ಮನವೇ. ನನ್ನ ಅಕ್ಕನ ಮದುವೆ, ಅಮ್ಮನ ಕಣ್ಣಿನ ಆಪರೇಷನ್, ನಮ್ಮ ಮನೆಯ ಗ್ಯಾಸ್ ಒಲೆ ಯಾವ ಕಡೆ ಮುಖ ಮಾಡಬೇಕು ಎಂಬುದು. ಚಿಕ್ಕ ದೊರೆಯ ಅಜ್ಜಿ, ಅಂದರೆ ಹಿರಿಯ ರಾಣಿ, ಒಂದು ಹುಬ್ಬು ಎತ್ತಿದರೆ ಅರಮನೆಯ ಗಡಿಯಾರಗಳೆಲ್ಲ ನಿಲ್ಲುತ್ತಿದ್ದವಂತೆ. ಅದನ್ನು ಓದುವಾಗ ನಾನು ತಲೆಯೆತ್ತಲಿಲ್ಲ.

ಒಂದು ದಿನ ಊಟದ ಹೊತ್ತಿಗೆ, ಮದುವೆಯಾಗಿ ದೂರದ ಊರಿನಲ್ಲಿರುವ ನನ್ನ ಅಕ್ಕ ದೊಡ್ಡಮ್ಮನಿಗೆ ಫೋನ್ ಮಾಡಿದಳು. ನಿಷೇಧ ದೊಡ್ಡಮ್ಮನ ಫೋನಿಗೆ ಅನ್ವಯಿಸುವುದಿಲ್ಲ. ನಾನು ಗಾಜಿನ ಕೋಣೆಯಲ್ಲಿ ಚೀಟಿಗಳನ್ನು ಜೋಡಿಸುತ್ತಿದ್ದೆ. ಸ್ಪೀಕರಿನಲ್ಲಿ ಅಕ್ಕನ ದನಿ, ಹಿಂದೆ ಅವಳ ಮಗುವಿನ ದನಿ.

"ದೊಡ್ಡಮ್ಮಾ, ನಾನು ಮತ್ತೆ ಕೆಲ್ಸಕ್ಕೆ ಹೋಗ್ಬೇಕು. ಆಯಾ ಇಟ್ಕೊಳ್ಳೋಕೆ ಧೈರ್ಯ ಬರಲ್ಲ. ತಂಗೀನ ಕಳ್ಸಿಬಿಡಿ. ಮಗು ನಡೆಯೋ ತನಕ ಅಷ್ಟೇ."

"ನಡೆಯೋ ತನಕ ಯಾಕೆ, ಶಾಲೆಗೆ ಹಾಕೋ ತನಕ ಇರಲಿ ಬಿಡು," ಎಂದು ದೊಡ್ಡಮ್ಮ ಉದಾರವಾಗಿ ಹೇಳಿದರು. "ಇವಳಿಗೇನು? ಒಂದು ಮೂಲೆ ಕೊಟ್ರೆ ಸಾಕು, ಪುಸ್ತಕ ಹಿಡ್ಕೊಂಡು ಕೂತಿರ್ತಾಳೆ. ಇಲ್ಲಿ ಇವಳಿಲ್ದೆ ನಿಂತೋಗೋ ಕೆಲ್ಸ ಏನೂ ಇಲ್ಲ."

"ನಮ್ಮನೇಲಿ ಮೂಲೆ ಇದೆ. ವಾಷಿಂಗ್ ಮಿಷನ್ ಪಕ್ಕ."

"ಸರಿ ಹೋಯ್ತು. ನಿಮ್ಮಮ್ಮನಿಗೆ ನಾನೇ ಹೇಳ್ತೀನಿ. ಏನೇ, ಹೋಗ್ತೀಯಲ್ಲ?"

ಕೊನೆಯ ಪ್ರಶ್ನೆ ನನಗೆ. ನಾನು "ಹ್ಞೂಂ" ಎಂದೆ.

ಈ ಹ್ಞೂಂ ಬಗ್ಗೆ ಸ್ವಲ್ಪ ಹೇಳಬೇಕು. ಅದು ನಾನು ಒಪ್ಪಿದ್ದಲ್ಲ, ಕೇಳಿಸಿತು ಎಂದದ್ದು. ಆದರೆ ನಮ್ಮ ಮನೆಯಲ್ಲಿ ನನ್ನ ಹ್ಞೂಂ ಎಂದರೆ ರುಜು ಹಾಕಿ ಸೀಲು ಒತ್ತಿದಂತೆ. ಇತಿಹಾಸ ತೆಗೆದುಕೊಂಡದ್ದು ಒಂದು ಹ್ಞೂಂನಿಂದ. ಅಕ್ಕನಿಗೆ ಬೇಡವಾದ ಹಳದಿ ಬಟ್ಟೆಗಳನ್ನೆಲ್ಲ ನಾನು ಉಟ್ಟು ಹರಿದದ್ದೂ ಹಾಗೆಯೇ. ಡೈರಿಯಲ್ಲಿ ನಾನು ಬಹಳ ಜೋರು. ಅಲ್ಲಿ ಅಕ್ಕನಿಗೆ ಉತ್ತರ ಕೊಟ್ಟಿದ್ದೇನೆ, ದೊಡ್ಡಮ್ಮನನ್ನು ನಿಲ್ಲಿಸಿ ಕೇಳಿದ್ದೇನೆ, ಒಮ್ಮೆ ಬಾಗಿಲು ಧಡಾರೆಂದು ಹಾಕಿಕೊಂಡು ಹೊರಟೂ ಹೋಗಿದ್ದೇನೆ. ಎದ್ದು ಬಂದರೆ ಮತ್ತೆ ಹ್ಞೂಂ. ನನಗೆ ಅಕ್ಕನ ಮೇಲೆ ಸಿಟ್ಟಿಲ್ಲ, ಮಗುವಿನ ಮೇಲಂತೂ ಇಲ್ಲವೇ ಇಲ್ಲ. ಹೋಗದಿರಲು ಬೇರೆ ದೊಡ್ಡ ಕಾರಣವೂ ಇರಲಿಲ್ಲ. ಕಾದಿರುವ ಉದ್ಯೋಗವಿಲ್ಲ, ಗುಟ್ಟಿನ ಹುಡುಗನಿಲ್ಲ. ಇಲ್ಲಿ, ಈ ಮೇಜಿನ ತುದಿಯಲ್ಲಿ, ಮಧ್ಯಾಹ್ನ ನಾನು ಬಾಯಿ ತೆರೆದರೆ ಸೂಜಿಗಳು ನಿಲ್ಲುತ್ತಿದ್ದವು. ಅಷ್ಟೇ. ಅದನ್ನು ಕಾರಣವೆಂದು ಯಾರ ಮುಂದೆ ಇಡುವುದು?

ಆ ಮಧ್ಯಾಹ್ನ ಮತ್ತೆ ಬೂಟಿನ ಅಧ್ಯಾಯವೇ. ಬೇಟೆಗೆ ಯಾವ ಬೂಟು, ಪಾರ್ಟಿಗೆ ಯಾವ ಬೂಟು ಎಂದು ಚಿಕ್ಕ ದೊರೆ ವಿವರಿಸುತ್ತಿದ್ದ. ನನ್ನ ಕಣ್ಣು ಬೂಟಿನ ಮೇಲಿತ್ತು. ಬಾಯಿ ಬೇರೆ ಏನನ್ನೋ ಹೇಳಿತು.

"'ಒಂದು ದಿನ ಊಟದ ಮೇಜಿನಲ್ಲಿ ಅಜ್ಜಿ ಹೇಳಿದರು: ಅಣ್ಣನ ಮಗುವನ್ನು ನೋಡಿಕೊಳ್ಳಲು ನೀನು ಹೋಗು. ನಿನಗೇನು, ಒಂದು ಮೂಲೆ ಕೊಟ್ಟರೆ ಸಾಕು. ಎಲ್ಲರೂ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ನಾನು ಹ್ಞೂಂ ಎಂದೆ.'"

ಸೂಜಿಗಳು ನಿಂತವು. ಸಿಕ್ಕಿಬಿದ್ದೆ ಎಂದುಕೊಂಡೆ.

"ಅರಮನೇಲಿ ಆಯಾ ಇರಲ್ವಾ?" ಕತ್ತರಿಯಮ್ಮ ಹುಬ್ಬು ಗಂಟಿಕ್ಕಿದರು.

"ಖರ್ಚು... ಖರ್ಚು ಕಡಿಮೆ ಮಾಡ್ತಿದ್ರಂತೆ. ಜನ ಬೈತಾರೆ ಅಂತ."

"ಅದೂ ಸರಿಯೇ. ಜನ ಬೈತಾರೆ," ಎಂದು ಅವರು ಒಪ್ಪಿದರು. ಪುಸ್ತಕದಲ್ಲಿ ಇದೆ ಎಂದರೆ ಜನ ಏನನ್ನು ಬೇಕಾದರೂ ನಂಬುತ್ತಾರೆ ಎಂದು ಇತಿಹಾಸ ವಿಭಾಗದಲ್ಲಿ ನಮಗೆ ಹೇಳಿಕೊಟ್ಟಿದ್ದರು. ಇಷ್ಟು ಸುಲಭವೆಂದು ಹೇಳಿರಲಿಲ್ಲ.

ಆದರೆ ನಿಜವಾಗಿ ಕೆರಳಿದ್ದು ದೊಡ್ಡಮ್ಮ. ಕುರ್ಚಿಯ ಕೈ ಗುದ್ದಿದರು.

"ಎಂಥ ಮನೆಯವರು ರೀ ಇವರು! ಬಾಯಿಲ್ಲದ ಹುಡುಗ ಸಿಕ್ಕಿದ್ನಲ್ಲ ಅಂತ ತಲೆ ಮೇಲೆ ಹೇರೋದಾ? ಹ್ಞೂಂ ಅಂದ್ರೆ ಒಪ್ಕೊಂಡ ಹಾಗಾಯ್ತಾ? ಮುಖ ನೋಡಿದ್ರೆ ಗೊತ್ತಾಗಲ್ವಾ? ಆ ಮುದುಕಿಗೆ ಕಣ್ಣಿಲ್ವಾ?"

ಆ ಮುದುಕಿಗೆ ಕಣ್ಣಿಲ್ಲವೇ ಎಂದು ಕೇಳುತ್ತ ದೊಡ್ಡಮ್ಮ ನೇರವಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ಸೆರಗಿನಿಂದ ಒರೆಸಿಕೊಂಡು, "ಅಂದ ಹಾಗೆ ನಿನ್ನ ಸೂಟ್‌ಕೇಸ್ ಚಕ್ರ ರಿಪೇರಿ ಮಾಡ್ಸಿ ತರ್ಸಿದ್ದೀನಿ, ಹೋಗ್ತಾ ತಗೊಂಡ್ಹೋಗು. ಟಿಕೆಟ್ ಅಕ್ಕ ಮಾಡ್ಸಿದ್ದಾಳೆ," ಎಂದರು.

ಇಂಥದ್ದನ್ನು ನಾನು ಕಟ್ಟಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಅಂದಿನಿಂದ ಚಿಕ್ಕ ದೊರೆಯ ಬದುಕು ಎರಡಾಯಿತು. ಅರ್ಧ ಮಧ್ಯಾಹ್ನ ಅವನು ಪುಸ್ತಕದಲ್ಲಿದ್ದಂತೆ ಪಾರ್ಟಿ, ವಿಮಾನ, ವಕೀಲರ ನಡುವೆ ಇರುತ್ತಿದ್ದ. ಉಳಿದರ್ಧ ನನ್ನ ಜೊತೆಗಿರುತ್ತಿದ್ದ. ಅವನಿಗೆ ಕೊಡಲಿರುವ ಮೂಲೆ ಅರಮನೆಯ ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿತ್ತು. ಅವನ ಅಮ್ಮ ಯಾರು ಏನೇ ಹೇಳಿದರೂ ತಲೆಯಾಡಿಸುವವಳು. ಅವನು ಹೇಳಬೇಕೆಂದು ಅಭ್ಯಾಸ ಮಾಡಿಕೊಂಡ ಮಾತು ಮೆಟ್ಟಿಲಿಳಿಯುವಷ್ಟರಲ್ಲಿ ಆವಿಯಾಗುತ್ತಿತ್ತು. ಕೇಳುವವರು ಪಾರ್ಟಿಗಳನ್ನು ಬೇಗ ಬೇಗ ದಾಟಿಸು ಎನ್ನತೊಡಗಿದರು.

"ಆ ಪಾಪು ವಿಷಯ ಏನಾಯ್ತು? ಹೋದ್ನಾ?" ಎಂದು ದಿನಕ್ಕೊಮ್ಮೆ ದೊಡ್ಡಮ್ಮ.

"ಇನ್ನೂ ಬಂದಿಲ್ಲ."

"ಹೇಳಬಾರದಾ ಅವನು? ಬಾಯಲ್ಲಿ ಏನಿಟ್ಕೊಂಡಿದ್ದಾನೆ?"

"ಭಯ ಅಂತೆ."

"ಯಾರ ಭಯ? ಹೇಳಿದ್ರೆ ಏನ್ ಕಚ್ತಾರಾ?"

ನನ್ನ ಹತ್ತಿರ ಈ ಪ್ರಶ್ನೆಗೆ ಬಹಳ ವಿವರವಾದ ಉತ್ತರವಿತ್ತು. ಅದು ಡೈರಿಯಲ್ಲಿತ್ತು, ಡೈರಿ ಮನೆಯಲ್ಲಿತ್ತು. ಹೊರಡುವ ದಿನ ಹತ್ತಿರವಾಗುತ್ತಿತ್ತು. ಅಮ್ಮ ನನ್ನ ಬಟ್ಟೆಗಳನ್ನು ಮಡಚಿ ಮಡಚಿ ಸೂಟ್‌ಕೇಸಿಗೆ ಹಾಕುತ್ತಿದ್ದಳು. ನಾನು ಹುಡುಕಿ ತೆಗೆದು ಉಡುತ್ತಿದ್ದೆ. ನಮ್ಮಿಬ್ಬರ ಪ್ರತಿಭಟನೆಯೂ ಒಪ್ಪಿಗೆಯೂ ಅಷ್ಟರಲ್ಲೇ ಇತ್ತು.

ಎಡವಟ್ಟಾದದ್ದು ಬಾಬಿನ್ ಅಭಿಮಾನದಿಂದ. ಮುಂದೇನಾಯಿತೆಂದು ತಿಳಿಯದೆ ಅವಳಿಗೆ ನಿದ್ದೆ ಹತ್ತಲಿಲ್ಲವಂತೆ. ಎದುರು ರಸ್ತೆಯ ಪುಸ್ತಕದಂಗಡಿಗೆ ಹೋಗಿ ತನ್ನದೇ ಒಂದು ಪ್ರತಿ ಕೊಂಡಳು. ರಜೆಯ ದಿನವಿಡೀ ಓದಿದಳು. ಮರುದಿನ ಹಜಾರಕ್ಕೆ ಕಾಲಿಟ್ಟಾಗ ಅವಳ ಕಣ್ಣು ಕೆಂಪಾಗಿದ್ದವು. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

"ಮೋಸ! ಇದ್ರಲ್ಲಿ ಪಾಪು ವಿಷಯ ಇಲ್ವೇ ಇಲ್ಲ!"

ನನ್ನ ಕೈಯಿಂದ ಪಿನ್ನಿನ ಡಬ್ಬಿ ಜಾರಿತು. ಪಿನ್ನು ಆರಿಸುವ ನೆಪದಲ್ಲಿ ಮೇಜಿನ ಕೆಳಗೆ ಸೇರಿಕೊಂಡೆ. ಅಲ್ಲಿಂದಲೇ ಎಲ್ಲ ಕೇಳಿಸಿತು.

"ಸರಿಯಾಗಿ ನೋಡಿದ್ಯಾ?"

"ಮೊದಲಿಂದ ಕೊನೆ ತನಕ. ಬೂಟಿದೆ, ಕುದುರೆ ಇದೆ, ವಕೀಲರಿದ್ದಾರೆ. ಅಜ್ಜಿ ಮೂಲೆ ಕೊಡ್ತೀನಿ ಅಂದಿದ್ದು ಇಲ್ಲ. ಹ್ಞೂಂ ಅಂದಿದ್ದೂ ಇಲ್ಲ."

ಈಗ ಯಾರಾದರೂ ನನ್ನತ್ತ ಬೆರಳು ಮಾಡುತ್ತಾರೆ ಎಂದು ಕಾದೆ. ಯಾರೂ ಮಾಡಲಿಲ್ಲ. ಈ ಹುಡುಗಿ ತಾನಾಗಿ ಒಂದು ಮಾತು ಆಡಬಹುದು ಎಂಬ ಅನುಮಾನ ಆ ಹಜಾರದಲ್ಲಿ ಒಬ್ಬರಿಗೂ ಬರಲಿಲ್ಲ. ಸಮಾಧಾನವಾಗಬೇಕಿತ್ತು. ಅವಮಾನವಾಯಿತು.

"ಕಿತ್ತುಹಾಕಿಸಿದ್ದಾರೆ," ಎಂದರು ಕತ್ತರಿಯಮ್ಮ, ದನಿ ತಗ್ಗಿಸಿ. "ಅರಮನೆಯವರು. ಮರ್ಯಾದೆ ಹೋಗುತ್ತೆ ಅಂತ. ಇವಳದ್ದು ಮೊದಲೇ ಬಂದಿದ್ದು, ಉಳ್ಕೊಂಡಿದೆ."

"ಅರಮನೆಯವರು ಈ ಬೀದಿಗೆ ಬಂದಿದ್ರಾ?" ದೊಡ್ಡಮ್ಮನಿಗೆ ಅಷ್ಟು ದೂರದ ಅಪರಾಧಿ ರುಚಿಸಲಿಲ್ಲ. "ಅಂಗಡಿಯವನು ಪುಟ ಕಮ್ಮಿ ಇರೋ ಮಾಲು ತಂದು ದಾಟಿಸಿದ್ದಾನೆ. ನಾವು ಒಂದು ರಿಂಗು ಕಮ್ಮಿ ಹಾಕಿದ್ರೆ ಹೋಟೆಲಿನವರು ಪರದೆ ಮುಖಕ್ಕೆ ಎಸೀತಾರೆ. ಇವನು ಮಗೂನೇ ಕಮ್ಮಿ ಹಾಕಿದ್ದಾನೆ! ಏಳಿ ಎಲ್ರೂ. ಏ ಹುಡುಗಿ, ನಿನ್ನ ಪುಸ್ತಕ ತಗೋ."

ಹೀಗೆ ಪರದೆ ಕಾರ್ಖಾನೆ ಬೀದಿಗಿಳಿಯಿತು. ಮುಂದೆ ದೊಡ್ಡಮ್ಮ, ಕುತ್ತಿಗೆಗೆ ಅಳತೆ ಟೇಪು; ಹಿಂದೆ ಕತ್ತರಿಯಮ್ಮ, ಕೈಯಲ್ಲಿ ಮರೆತು ತಂದ ಕತ್ತರಿ; ಆಮೇಲೆ ಬಾಬಿನ್; ಕೊನೆಗೆ ನಾನು, ಬ್ರೌನ್ ಪೇಪರಿನ ಸಾಕ್ಷಿಯನ್ನು ಎದೆಗವಚಿಕೊಂಡು. ಟೈರ್ ಅಂಗಡಿಯವರು ಕೆಲಸ ನಿಲ್ಲಿಸಿ ನೋಡಿದರು. ರಸ್ತೆ ದಾಟುವಾಗ ಒಂದು ಲಾರಿ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಬರಲಿಲ್ಲ, ದೊಡ್ಡಮ್ಮ ಕೈ ಎತ್ತಿದರೆ ಲಾರಿಗಳೂ ನಿಲ್ಲುತ್ತವೆ.

ಪುಸ್ತಕದಂಗಡಿಯವರು ಸಣಕಲು ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ತಮ್ಮ ಅಂಗಡಿಯಲ್ಲಿ ಒಮ್ಮೆಗೇ ಇಷ್ಟು ಗಿರಾಕಿಗಳನ್ನು ಕಂಡು ಮೊದಲು ಖುಷಿಪಟ್ಟರು. ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ.

"ಪುಟ ಎಲ್ರೀ?" ಎಂದರು ದೊಡ್ಡಮ್ಮ.

"ಯಾವ ಪುಟ, ತಾಯಿ?"

"ಮಗು ಇರೋ ಪುಟ."

ಅವರು ಬಾಬಿನ್ ಪ್ರತಿಯನ್ನು ತೆಗೆದುಕೊಂಡು, ನೆತ್ತಿಯಿಂದ ಬುಡದವರೆಗೆ ನೋಡಿ, ಹೊಲಿಗೆ ಬಗ್ಗಿಸಿ ನೋಡಿ, ಪುಟದ ಸಂಖ್ಯೆಗಳನ್ನು ಒಂದೊಂದಾಗಿ ಮಗುಚಿದರು. "ಎಲ್ಲ ಸರಿಯಾಗೇ ಇದೆಯಲ್ಲ. ಒಂದೂ ತಪ್ಪಿಲ್ಲ."

"ನಂಬರ್ ಸರಿ ಹಾಕೋಕೆ ಏನು ಕಷ್ಟ? ನಾವೂ ಹಾಕ್ತೀವಿ," ಎಂದರು ಕತ್ತರಿಯಮ್ಮ.

"ಅಮ್ಮಾ, ಕತ್ತರಿ ಸ್ವಲ್ಪ ಕೆಳಗಿಡಿ. ನಾನು ಇಷ್ಟು ವರ್ಷದಿಂದ ಅಂಗಡಿ ನಡೆಸ್ತಿದ್ದೀನಿ. ಹರಿದ ಪುಸ್ತಕ ಒಂದು ದಿನಾನೂ ಮಾರಿಲ್ಲ."

"ಹಾಗಾದ್ರೆ ನಮ್ಮ ಹುಡುಗಿ ಹತ್ರ ಇರೋದು ನಿಮ್ಮ ಹತ್ರ ಯಾಕಿಲ್ಲ?" ದೊಡ್ಡಮ್ಮನ ದನಿ ಬೀದಿಗೆ ಕೇಳಿಸುವಷ್ಟಾಗಿತ್ತು. ಹೊರಗೆ ಇಬ್ಬರು ನಿಂತರು. ಪತ್ರಿಕೆ ಕೊಳ್ಳಲು ಬಂದವನೊಬ್ಬ ಕೊಳ್ಳದೆ ತಿರುಗಿದ. "ಅವಳು ಸುಳ್ಳು ಹೇಳೋ ಹುಡುಗಿ ಅಲ್ಲ ರೀ. ಅವಳು ನಿಜಾನೇ ಹೇಳಲ್ಲ, ಇನ್ನು ಸುಳ್ಳೆಲ್ಲಿಂದ ಹೇಳ್ತಾಳೆ!"

ನನ್ನ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಅಂಗಡಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ. ನಿನ್ನ ಪುಸ್ತಕದಲ್ಲಿ ಎಲ್ಲಿದೆ ಅದು? ತೋರಿಸಿಬಿಡು. ತಪ್ಪು ನಂದಾಗಿದ್ರೆ ಎಲ್ಲರ ಮುಂದೆ ಒಪ್ಕೋತೀನಿ."

ಎಲ್ಲರೂ ದಾರಿ ಬಿಟ್ಟರು. ನಾನು ಮೇಜಿಗೆ ಬಂದೆ. ಪುಸ್ತಕ ತೆರೆದೆ. ಪುಟ ಮಗುಚಿದೆ, ಹಿಂದಕ್ಕೆ ಮಗುಚಿದೆ, ಬೆರಳಿಗೆ ಉಗುಳು ಹಚ್ಚಿ ಮತ್ತೆ ಮುಂದಕ್ಕೆ ಮಗುಚಿದೆ. ಅಷ್ಟು ಹೊತ್ತು ಹುಡುಕಿದರೆ ಅಚ್ಚಾದರೂ ಆಗಿ ಬರಬಹುದು ಎಂಬ ಆಸೆ. ಬಾಬಿನ್ ನನ್ನ ಭುಜದ ಮೇಲಿಂದ ಇಣುಕಿ ಗಟ್ಟಿಯಾಗಿ ಓದಿದಳು: "'ಬೇಟೆಯ ಬೂಟುಗಳಿಗೆ ಪ್ರತಿ ವಾರ ಎಣ್ಣೆ ಹಚ್ಚಬೇಕು...' ಇದೂ ಬೂಟೇ ಅಲ್ವಾ?"

"ಇನ್ನೊಂದು ಕಡೆ ನೋಡು," ಎಂದರು ಕತ್ತರಿಯಮ್ಮ.

ನೋಡಿದೆ. ಅಲ್ಲೂ ಬೂಟೇ ಇತ್ತು. ಅಂಗಡಿಯವರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಾಗಿತ್ತು ಎಂದು ಕಾಣುತ್ತದೆ. ದಿನವೂ ಓದುವವರ ಮುಖ ನೋಡುವ ಮನುಷ್ಯ. ಆದರೂ ಬಾಯಿ ಬಿಡಲಿಲ್ಲ. ಈಗ ನಾನು ಸುಮ್ಮನಿದ್ದರೆ ದೊಡ್ಡಮ್ಮ ಅವರನ್ನು ಈ ಬೀದಿಯಲ್ಲಿ ತಲೆಯೆತ್ತದಂತೆ ಮಾಡುತ್ತಿದ್ದರು, ಆಮೇಲೆ ನನ್ನನ್ನು ಸೂಟ್‌ಕೇಸಿನ ಜೊತೆ ಅಕ್ಕನ ಮನೆಗೆ ಕಳಿಸುತ್ತಿದ್ದರು. ಎರಡೂ ಪ್ರೀತಿಯಿಂದಲೇ.

"ಪುಟ ಹಾಳಾಗಿ ಹೋಗಲಿ," ದೊಡ್ಡಮ್ಮನ ತಾಳ್ಮೆ ಮುಗಿದಿತ್ತು. "ನೀನು ಮುಂದೆ ಓದಿರ್ತೀಯಲ್ಲ. ಆ ಹುಡುಗ ಹೋದ್ನಾ ಇಲ್ವಾ? ಅಷ್ಟು ಹೇಳು ಸಾಕು, ನನ್ನ ಹೊಟ್ಟೆ ಉರೀತಿದೆ. ಹೋದ್ನಾ?"

ಗಂಟಲಿನಲ್ಲಿ ಹ್ಞೂಂ ಬಂದು ನಿಂತಿತ್ತು. ಬಹಳ ಅನುಭವಸ್ಥ ಹ್ಞೂಂ. ಕರೆದರೆ ಸಾಕು, ಹೊರಗೆ. ಅದನ್ನು ನುಂಗಿದೆ. ನುಂಗುವಾಗ ನೋಯಿತು, ಮಾತ್ರೆ ಅಡ್ಡ ಸಿಕ್ಕಿದಂತೆ. ಪುಸ್ತಕ ಮುಚ್ಚಿದೆ. ಮುಚ್ಚಿದ ಮೇಲೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

"ದೊಡ್ಡಮ್ಮಾ," ಎಂದೆ. ದನಿ ನನ್ನದೇ ಹೌದೋ ಅಲ್ಲವೋ ಎಂಬಷ್ಟು ದೊಡ್ಡದಾಗಿ ಬಂತು. ಹೊರಗೆ ನಿಂತಿದ್ದ ಇಬ್ಬರೂ ತಿರುಗಿದರು. "ಅದು ಚಿಕ್ಕ ದೊರೆ ಅಲ್ಲ. ನಾನು. ನನಗೆ ಅಕ್ಕನ ಮನೆಗೆ ಹೋಗೋಕೆ ಇಷ್ಟ ಇಲ್ಲ."